ಆನೆ ಪುಟದ ಮೇಷ್ಟ್ರು

ಮೇಷ್ಟ್ರ ಬಲಗೈಯ ತೋರುಬೆರಳಿಗೆ ತುದಿಯೇ ಇರಲಿಲ್ಲ. ಹುಡುಗನಾಗಿದ್ದಾಗ ಅದನ್ನು ಕಬ್ಬಿನ ಗಾಣಕ್ಕೆ ಕೊಟ್ಟು ಬಂದಿದ್ದರಂತೆ. ಉಳಿದ ಮೋಟು ಸೀಮೆಸುಣ್ಣ ಹಿಡಿಯುವುದಕ್ಕೆ ಸಾಕಾಗುತ್ತಿತ್ತು, ಆದರೆ ಮೊಬೈಲಿನ ಗಾಜು ಅದನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಹಾಗಾಗಿ ಅವರು ನಡುಬೆರಳಿನಿಂದ ಒತ್ತುತ್ತಿದ್ದರು. ಆಗ ಮೋಟು ಬೆರಳು ನೆಟ್ಟಗೆ ಮೇಲಕ್ಕೆದ್ದು, ಎದುರಿಗಿದ್ದವರನ್ನೆಲ್ಲ ಗದರಿಸುವಂತೆ ನಿಲ್ಲುತ್ತಿತ್ತು. ಒಂದು ಸಾಲು ಮುಗಿಯುವಷ್ಟರಲ್ಲಿ ಕಾಫಿ ಆರಿ ತಣ್ಣಗಾಗುತ್ತಿತ್ತು. ಅದಕ್ಕೇ ಅವರು ಕಾಗದದ ಮೇಲೆ ಬರೆಯುವುದು, ನಾನು ಅದನ್ನು ಬ್ಲಾಗಿಗೆ ಹಾಕುವುದು ಎಂದು ಮಾತಾಯಿತು. ಬ್ಲಾಗಿನ ಪಾಸ್‌ವರ್ಡು ನನ್ನ ಕೈಗೆ ಬಂದದ್ದು ಹಾಗೆ. ಬರಬಾರದಿತ್ತು.

ಕೆಲಮಂಗಲದ ಶಾಲೆಯಲ್ಲಿ ನನಗೆ ಅಕ್ಷರ ತಿದ್ದಿಸಿದವರು ಅವರೇ. ತಮಿಳುನಾಡಿಗೆ ಸೇರಿದ ನಮ್ಮ ಗಡಿಯ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ನಮ್ಮ ವಯಸ್ಸಿನವರು ಹೇಗೋ ಮೂರನ್ನೂ ನಿಭಾಯಿಸುತ್ತೇವೆ. ಹಿಂದಿನ ತಲೆಮಾರಿನ ಎಷ್ಟೋ ಜನಕ್ಕೆ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದು ಕನ್ನಡ ಮಾತ್ರ. ಸಾನಮಾವು ಕಾಡಿಗೆ ಆನೆಯ ಹಿಂಡು ಬಂದಾಗ ಅರಣ್ಯ ಇಲಾಖೆಯ ಸೂಚನೆ ಬರುವುದು ತಮಿಳಿನಲ್ಲಿ. ಅದನ್ನು ಓದಿಸಿಕೊಳ್ಳಲು ಮಗನೋ ಸೊಸೆಯೋ ಫ್ಯಾಕ್ಟರಿಯಿಂದ ಬರುವ ತನಕ ಕಾಯಬೇಕು. ಆನೆ ಅಷ್ಟು ಹೊತ್ತು ಕಾಯುವುದಿಲ್ಲವಲ್ಲ! ನಿವೃತ್ತರಾದ ಮೇಲೆ ಮೇಷ್ಟ್ರು ಬ್ಲಾಗು ಶುರುಮಾಡಿದ್ದು ಈ ಒಂದೇ ಕಾರಣಕ್ಕೆ. ಕಾಡಂಚಿನ ಹಳ್ಳಿಗಳಲ್ಲಿದ್ದ ಹಳೇ ಶಿಷ್ಯರು ಅವರಿಗೆ ಫೋನು ಮಾಡುತ್ತಿದ್ದರು. ಆನೆ ಎಲ್ಲಿದೆ, ಎತ್ತ ಹೊರಟಿದೆ ಎಂದು ಇವರು ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತಿದ್ದರು. ಜನ ಅದನ್ನು ಆನೆ ಪುಟ ಎನ್ನುತ್ತಿದ್ದರು.

ಆಮೇಲೆ ಬೇರೆ ಬರಹಗಳೂ ಸೇರಿಕೊಂಡವು. ಆದರೆ ಅವರ ಬ್ಲಾಗಿನಲ್ಲಿ ಕಂಡದ್ದನ್ನೆಲ್ಲ ಕಂಡಲ್ಲಿ ಸುರಿಯುವ ಹಾಗಿರಲಿಲ್ಲ. ವರದಿ ಒಂದು ಕಡೆ, ಜಾತಿ ಸರ್ಟಿಫಿಕೇಟಿಗೆ ಅರ್ಜಿ ಹಾಕುವುದು ಹೇಗೆ ಎಂಬಂಥ ವಿವರಣೆ ಇನ್ನೊಂದು ಕಡೆ, ತೀರಿಕೊಂಡವರ ನೆನಪು ಬೇರೆ. ನಾಲ್ಕನೆಯದು ಕೋಪ! ಅಭಿಪ್ರಾಯ ಎಂಬ ದೊಡ್ಡ ಮಾತು ಅವರಿಗೆ ಹಿಡಿಸುತ್ತಿರಲಿಲ್ಲ. ಒಮ್ಮೆ ನಮ್ಮ ಬಸ್ಸು ಸ್ಟಾಪಿನಲ್ಲಿ ನಿಲ್ಲದೆ ಹೋದದ್ದನ್ನು ನಾನು ವರದಿಯೆಂದು ಬರೆದು, ಡ್ರೈವರಿಗೆ ಕಣ್ಣಿಲ್ಲವೆಂದು ಸೇರಿಸಿದ್ದೆ. ಅವರು ಆ ಸಾಲಿನ ಮೇಲೆ ಗೀಟು ಎಳೆದರು.

"ಬಸ್ಸು ನಿಲ್ಲಲಿಲ್ಲ, ಅದು ವರದಿ. ಅವುನ್ಗೆ ಕಣ್ಣಿಲ್ಲ, ಅದು ನಿನ್ ಕೋಪ. ಕೋಪ ಬ್ಯಾಡ ಅನ್ನಲ್ಲ ಕಣಮ್ಮಾ, ಬೇರೆ ತಟ್ಟೇಲಿ ಬಡ್ಸು. ಎಲ್ಡೂ ಕಲ್ಸಿದ್ರೆ ನಾಳೆ ಆನೆ ಬಂತು ಅಂದ್ರೂ ಜನ ನಂಬಾಕಿಲ್ಲ."

ನಂಬಿಕೆಯೊಂದೇ ಅವರ ಆಸ್ತಿ. ವಾಟ್ಸಾಪಿನಲ್ಲಿ ಯಾವುದೋ ಕಾಡಿನ, ಯಾವುದೋ ವರ್ಷದ ಆನೆ ವಿಡಿಯೋಗಳು ಓಡಾಡಿ ಜನ ಸುಮ್ಮಸುಮ್ಮನೆ ಹೆದರುತ್ತಿದ್ದರು. ಮೇಷ್ಟ್ರು ತಮ್ಮ ಮೊಪೆಡ್ಡಿನಲ್ಲಿ ಹಳ್ಳಿ ಹಳ್ಳಿ ಸುತ್ತಿ, ಒಬ್ಬೊಬ್ಬರ ಫೋನಿನಲ್ಲೂ ಪುಟವನ್ನು ತೆರೆದಿಟ್ಟು ಪಾಠ ಮಾಡಿದರು. "ಯಾರ್ ಏನೇ ಅನ್ಲಿ, ಇದ್ರಾಗೆ ಬಂದ್ರೆ ಮಾತ್ರ ನಂಬಿ." ಜನ ಆ ಪಾಠವನ್ನು ಚೆನ್ನಾಗಿಯೇ ಕಲಿತರು.

ಬ್ಲಾಗಿಗೆ ಪಾಸ್‌ವರ್ಡೊಂದೇ ಸಾಲದು, ಒಳಗೆ ಹೋಗುವಾಗಲೆಲ್ಲ ಫೋನಿಗೊಂದು ಸಂಖ್ಯೆ ಬರುವ ಹಾಗೆ ಮಾಡಿಟ್ಟರೆ ಕಳ್ಳರ ಆಟ ನಡೆಯುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರು. ಅದಕ್ಕೆ ಅವರು ಎರಡನೇ ಚಿಲಕ ಎಂದು ಹೆಸರಿಟ್ಟಿದ್ದರು. ಅವಸರದ ಆನೆ ಸುದ್ದಿಯನ್ನು ಫೋನಿನಲ್ಲೇ ಹೇಳಿ ಬರೆಸುತ್ತಿದ್ದರು, ಉಳಿದ ಕಾಗದಗಳನ್ನು ಭಾನುವಾರ ಕೊಡುವಾಗ ತಪ್ಪದೆ ಕೇಳುತ್ತಿದ್ದರು.

"ಎರಡ್ನೇ ಚಿಲ್ಕ ಹಾಕ್ದೇನಮ್ಮಾ?"

"ಹಾಕಿದೀನಿ ಮೇಷ್ಟ್ರೇ."

ಹಾಕಿರಲಿಲ್ಲ. ಹತ್ತು ನಿಮಿಷದ ಕೆಲಸ. ಹೊಸೂರಿನ ಫ್ಯಾಕ್ಟರಿಯಲ್ಲಿ ದಿನವೆಲ್ಲ ಬಿಡಿಭಾಗಗಳ ತಪಾಸಣೆ ಮಾಡಿ, ಬಸ್ಸಿನಲ್ಲಿ ನಿಂತು ಬಂದು, ಅಡುಗೆಗೆ ನಿಲ್ಲುವವಳಿಗೆ ಆ ಹತ್ತು ನಿಮಿಷ ಸಿಗಲಿಲ್ಲ ಎಂದು ಬರೆದರೆ ನೀವು ನಂಬಬಹುದು. ನಾನೇ ನಂಬುವುದಿಲ್ಲ. ಮೊದಲ ವಾರ ಸುಳ್ಳು ಹೇಳಿದ್ದೆ. ಆಮೇಲೆ ಅದನ್ನು ನಿಜ ಮಾಡಲೂ ಸೋಮಾರಿತನ.

ರಾಗಿ ಕೊಯ್ಲು ಮುಗಿದು ಮೆದೆ ಹಾಕಿದ್ದ ಕಾಲ. ಒಂದು ದಿನ ಮೇಷ್ಟ್ರು ಹೇಳಿದ ವರದಿ ಹಾಕಿದ್ದೆ: ಹಿಂಡು ಸಾನಮಾವಿನಿಂದ ದಾಟಿ ಹೋಗಿದೆ, ಇಂದು ಹೊಲಕ್ಕೆ ಹೋಗಬಹುದು. ಮಾರನೆಯ ದಿನ ಊಟದ ಬಿಡುವಿನಲ್ಲಿ ನನ್ನ ಫೋನಿಗೆ ಬ್ಲಾಗು ಕಂಪನಿಯ ಹೆಸರಿನಲ್ಲೊಂದು ಪತ್ರ ಬಂತು. ನಿಮ್ಮ ಬ್ಲಾಗಿನ ಮೇಲೆ ದೂರು ಬಂದಿದೆ, ಇಂದೇ ಪಾಸ್‌ವರ್ಡು ಕೊಟ್ಟು ಖಚಿತಪಡಿಸದಿದ್ದರೆ ಅಳಿಸಲಾಗುವುದು, ಎಂದು. ಪತ್ರ ತಮಿಳಿನಲ್ಲಿತ್ತು. ರೇಷನ್ ಕಾರ್ಡು, ಜಮೀನಿನ ಪಟ್ಟಾ, ಕರೆಂಟ್ ಬಿಲ್ಲು, ನಮಗೆ ಮೇಲಿನಿಂದ ಬರುವುದೆಲ್ಲ ತಮಿಳಿನಲ್ಲೇ. ತಮಿಳಿನಲ್ಲಿ ಅಚ್ಚಾಗಿ ಬಂದದ್ದನ್ನು ಕಂಡರೆ ನಮ್ಮ ಕೈ ತಾನಾಗಿ ಸಹಿ ಹಾಕಲು ಮುಂದಾಗುತ್ತದೆ. ಅನ್ನದ ಕೈಯನ್ನೂ ತೊಳೆಯದೆ, ಎಡಗೈಯಲ್ಲಿ ಪಾಸ್‌ವರ್ಡು ಒತ್ತಿ ಕಳಿಸಿದೆ. ಬ್ಲಾಗು ಉಳಿಯಿತು ಎಂದು ಸಮಾಧಾನವೂ ಆಯಿತು!

ಮೂರು ಗಂಟೆಗೆ ಮೇಷ್ಟ್ರ ಫೋನು ಬಂತು. "ಹಿಂಡು ವಾಪಸ್ ಬಂದೈತಂತೆ ಕಣಮ್ಮಾ. ಬಿರ್ರನೆ ಹಾಕು."

ಒಳಗೆ ಹೋಗಲು ನೋಡಿದೆ. ಪಾಸ್‌ವರ್ಡು ತಪ್ಪು ಎಂದಿತು. ಮತ್ತೆ ಒತ್ತಿದೆ, ತಪ್ಪು. ಹೊರಗಿನಿಂದ ಪುಟವನ್ನು ತೆರೆದು ನೋಡಿದೆ. ಮೇಲೆ ಕೆಳಗೆಲ್ಲ ಇಸ್ಪೀಟಿನ ಜಾಹೀರಾತು. ನಡುವೆ ನಿನ್ನೆಯ ವರದಿ ಹಾಗೇ ಇತ್ತು. ಕಳ್ಳರು ಪುಟದ ವೇಷ ಬದಲಿಸುವಾಗ ತಾರೀಕು ಮಾತ್ರ ಮಾಯವಾಗಿತ್ತು. ಇಂದು ಹೊಲಕ್ಕೆ ಹೋಗಬಹುದು! ಯಾರು ಓದಿದರೂ ಆ ಮಾತು ಈ ದಿನಕ್ಕೇ ಹೇಳಿದ್ದೆಂದು ತಿಳಿಯುವಂತಿತ್ತು.

ಅಳುತ್ತಲೇ ಮೇಷ್ಟ್ರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. "ಬ್ಲಾಗು ಹಾಳಾಗೋಗ್ಲಿ. ಜನ ಮೊದ್ಲು. ನಾನು ಹೊಂಟೆ" ಎಂದರು.

ಸೂಪರ್‌ವೈಸರನ್ನು ಬೇಡಿಕೊಂಡು ನಾನೂ ಹೊರಟೆ. ಬಸ್ಸಿಳಿದು ಹಳ್ಳಿಗಳ ಕವಲುದಾರಿಯಲ್ಲಿ ನಿಂತಿದ್ದಾಗ ಅವರು ಮೊಪೆಡ್ಡಿನಲ್ಲಿ ಬಂದರು, ಮೈಯೆಲ್ಲ ಧೂಳು. ಎರಡು ಹಳ್ಳಿ ಮುಗಿಸಿದ್ದರು. ಫೋನಿಗೆ ಸಿಕ್ಕವರಿಗೆಲ್ಲ ಹೇಳಿದ್ದರು, ವಾಟ್ಸಾಪಿನಲ್ಲೂ ಹಾಕಿಸಿದ್ದರು. ಅದನ್ನು ನೋಡಿದ ಒಬ್ಬಾತ "ನಿಮ್ ಪುಟದಾಗೆ ಹಂಗಿಲ್ವಲ್ಲ ಮೇಷ್ಟ್ರೇ" ಎಂದು ಅವರಿಗೇ ಅವರ ಪಾಠ ಒಪ್ಪಿಸಿದನಂತೆ. ನಾನು ಹಿಂದೆ ಕೂತೆ. ಮೂರನೇ ಹಳ್ಳಿಯ ಕೊನೆಯ ಮನೆಯಲ್ಲಿ ಹೆಂಗಸೊಬ್ಬಳು ಅವರೆಕಾಯಿ ಸುಲಿಯುತ್ತಿದ್ದಳು.

"ನಿಮ್ಮನೆಯೋರೆಲ್ಲಮ್ಮಾ?"

"ಹೊಲ್ತಾಕೆ ಹೋಗ್ಬುಟ್ರು ಸಾಮಿ, ಹಂದಿ ಬರ್ದಂಗೆ ಮೆದೆ ಕಾಯಾಕೆ. ಆನೆ ದಾಟ್ಕಂಡ್ ಹೋಗವೆ ಅಂತ ನೀವೇ ಬರ್ದಿದ್ದೀರಲ್ಲ, ಓದ್ಕಂಡೇ ಹೋದ್ರು."

ಮೇಷ್ಟ್ರು ಮೊಪೆಡ್ಡನ್ನು ಅಲ್ಲೇ ಬಿಟ್ಟು ಓಡಿದರು. ಎಪ್ಪತ್ತು ದಾಟಿದ ಮನುಷ್ಯ ಉಳುಮೆಯ ಹೆಂಟೆಗಳ ಮೇಲೆ ಎಡವುತ್ತ, ಆತನ ಹೆಸರು ಕೂಗುತ್ತ ಓಡಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಅಕ್ಕಪಕ್ಕದವರು ಪಟಾಕಿ ಹಿಡಿದು ಹಿಂದೆ ಓಡಿದರು. ಸೂರ್ಯ ಇನ್ನೂ ಪೂರ್ತಿ ಇಳಿದಿರಲಿಲ್ಲ. ಮೆದೆ ಚೆಲ್ಲಾಪಿಲ್ಲಿಯಾಗಿತ್ತು. ಆನೆ ಕಾಡಿನ ಕಡೆ ಹೋಗಿಯಾಗಿತ್ತು. ರೈತ ಬದುವಿನ ಪಕ್ಕದಲ್ಲಿ ಬಿದ್ದು ನರಳುತ್ತಿದ್ದ. ಸೊಂಟದ ಮೂಳೆ ಮುರಿದಿತ್ತು. ಜೀವವಿತ್ತು.

ಹೊಸೂರಿನ ಆಸ್ಪತ್ರೆಯ ವರಾಂಡದಲ್ಲಿ ರೈತನ ಭಾಮೈದ ಮೇಷ್ಟ್ರ ಎದುರು ನಿಂತು ಕೂಗಾಡಿದ. "ವಯಸ್ಸಾದ್ಮೇಲೆ ಮನೇಲಿ ಸುಮ್ನೆ ಕೂತ್ಕಳಾಕಾಗಲ್ವಾ? ನಿಮ್ಮನ್ ನಂಬಿ ನಮ್ ಮನೆ ಮುಳುಗ್ತಲ್ಲ!"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರು ಎರಡು ಕೈ ಜೋಡಿಸಿದರು. "ತಪ್ಪು ನಂದಪ್ಪಾ. ಪುಟ ನಂದು. ನಾನ್ ಸರ್ಯಾಗಿ ನೋಡ್ಕಳ್ಳಿಲ್ಲ." ನನ್ನ ಬಾಯಿ ಹಾಗೇ ಮುಚ್ಚಿತು. ಅವರು ನನ್ನನ್ನು ಕಾಪಾಡಿದರು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಉಸಿರು ಹಗುರಾಯಿತು.

ಹೊರಗೆ ಬಂದ ಮೇಲೆ ಆ ಪತ್ರ ತೋರಿಸೆಂದರು. ಕನ್ನಡಕ ಏರಿಸಿ ಓದಿ, "ಕನ್ನಡದ ಬ್ಲಾಗಿಗೆ ತಮಿಳ್ನಾಗೆ ಯಾಕಮ್ಮಾ ಕಾಗ್ದ ಬತ್ತದೆ?" ಎಂದು ಮೆಲ್ಲಗೆ ಕೇಳಿದರು. ಫೋನನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು. "ಯಾರ್ಗೂ ಹೇಳ್ಬ್ಯಾಡ. ನೀನು ಈ ಊರ್ನಾಗೆ ಬಾಳಿ ಬದುಕ್ಬೇಕಾದೋಳು" ಎಂದರು. ಎರಡನೇ ಚಿಲಕದ ಮಾತನ್ನು ಎತ್ತಲಿಲ್ಲ. ಅದು ಹಾಕಿದ್ದಿದ್ದರೆ ಕಳ್ಳ ಒಳಗೆ ಬರುತ್ತಿರಲಿಲ್ಲವೆಂದು ಅವರಿಗೆ ಗೊತ್ತಿತ್ತು. ನಾನು ಹೇಳಿದ್ದು ಸುಳ್ಳೆಂದೂ ಗೊತ್ತಾಗಿತ್ತು. ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಆ ಬ್ಲಾಗು ನಮಗೆ ಮತ್ತೆ ಸಿಗಲಿಲ್ಲ. ತಿಂಗಳುಗಟ್ಟಲೆ ಅರ್ಜಿ ಹಾಕಿದೆ. ಖಾತೆ ನಿಮ್ಮದೆಂದು ತಿಳಿಯಲು ಸಾಧ್ಯವಾಗಿಲ್ಲ ಎಂಬ ಒಂದೇ ಉತ್ತರ. ಮೇಷ್ಟ್ರು ಬರೆದ ಕಾಗದಗಳೆಲ್ಲ ಟ್ರಂಕಿನಲ್ಲಿದ್ದವು. ಅವನ್ನಿಟ್ಟುಕೊಂಡು ಹೊಸ ಬ್ಲಾಗು ಕಟ್ಟಿದೆ, ಮೊದಲ ದಿನವೇ ಎರಡು ಚಿಲಕವನ್ನೂ ಹಾಕಿದೆ. ಓದಲು ಯಾರೂ ಬರಲಿಲ್ಲ. ಮೇಷ್ಟ್ರು ಟೀ ಅಂಗಡಿಗಳ ಗೋಡೆಗೆ ಕೈಬರಹದ ಚೀಟಿ ಅಂಟಿಸತೊಡಗಿದರು. "ಇದೂ ಮೊನ್ನೆದೇನೋ" ಎಂದು ಜನ ನಗುತ್ತಿದ್ದರು. ಅವರು ಕೇಳಿಸದವರಂತೆ ಅಂಟಿನ ಡಬ್ಬಿ ಮುಚ್ಚಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಮುಂದಿನ ರಾಗಿ ಕೊಯ್ಲಿಗೆ ಅವರಿರಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಕುಸಿದರು, ಅಷ್ಟೇ.

ಹನ್ನೊಂದನೇ ದಿನದ ಊಟಕ್ಕೆ ಆ ರೈತ ಬಂದಿದ್ದರು. ಊರುಗೋಲನ್ನು ಗೋಡೆಗೆ ಒರಗಿಸಿ, ಕಷ್ಟಪಟ್ಟು ನನ್ನ ಪಕ್ಕದ ಎಲೆಗೆ ಕೂತರು. ಫೋಟೋದ ಕಡೆ ನೋಡಿ ನಿಟ್ಟುಸಿರುಬಿಟ್ಟರು.

"ದೊಡ್ಡ ಮನ್ಸ ಕಣಮ್ಮಾ. ಒಂದ್ಸಲ ತಪ್ಪಾಗೋಯ್ತು ಅವ್ರಿಂದ. ನಾನು ಮನ್ಸಿಗಿಕ್ಕಂಡಿಲ್ಲ. ವಯಸ್ಸಾಗಿತ್ತು, ಅಲ್ವಾ?"

ನಾನು "ಹೂಂ" ಎಂದೆ.

ಅಷ್ಟೇ ಅಂದದ್ದು. ಎದುರಿಗೆ ಪಾಯಸ ಬಡಿಸಿದರು, ನಾನು ಉಣ್ಣುವಂತೆ ನಟಿಸಿದೆ. ಬದುಕಿದ್ದಾಗ ನನ್ನ ತಪ್ಪು ಹೊತ್ತವರ ತಲೆಯ ಮೇಲೆ, ಸತ್ತ ಮೇಲೂ ಅದನ್ನು ನನ್ನ ಬಾಯಾರೆ ಹೊರಿಸಿ ಬಂದೆ.

ಆಮೇಲೆ ಎರಡು ಸಲ ಆ ರೈತನ ಮನೆಯ ಬೇಲಿಯವರೆಗೂ ಹೋಗಿ ಹಿಂದಿರುಗಿದ್ದೇನೆ. ಬಾಯಿಂದ ಮಾತು ಹೊರಡುವುದಿಲ್ಲ. ಅದಕ್ಕೇ ಇದನ್ನೆಲ್ಲ ಅವರು ಓದಬಲ್ಲ ಅಕ್ಷರದಲ್ಲಿ ಬರೆದಿದ್ದೇನೆ. ಈ ಭಾನುವಾರ ಮತ್ತೆ ಹೋಗುತ್ತೇನೆ. ಹಾಳೆಗಳನ್ನು ಅವರ ಕೈಗೆ ಕೊಟ್ಟು, ಕೊನೆಯ ಸಾಲು ಓದುವ ತನಕ ಅಲ್ಲೇ ನಿಲ್ಲುತ್ತೇನೆ. ನೀವು ಕ್ಷಮಿಸಿದ ತಪ್ಪು ಮೇಷ್ಟ್ರದಲ್ಲ ಯಜಮಾನ್ರೇ, ನನ್ನದು.