ಮುರಿದ ಹಲ್ಲಿನ ಗೇರು

ನನಗೆ ಅನುಮಾನ ಜಾಸ್ತಿ. ಹಾಲಿನ ಪಾಕೀಟಿನ ಮೇಲಿನ ತಾರೀಖನ್ನು ಎರಡು ಸಲ ನೋಡದೆ ಒಡೆಯುವವಳಲ್ಲ. ಅದಕ್ಕೇ ಇರಬೇಕು, ತಾಲೂಕಿನ ವಿಜ್ಞಾನ ಶಿಕ್ಷಕರೆಲ್ಲ ಕೂಡಿ ಆನ್‌ಲೈನ್‌ನಲ್ಲಿ ಪಾಠ ಬರೆಯಲು ಹೊರಟಾಗ, ಬಂದ ಪಾಠಗಳನ್ನು ಒಂದೇ ಅಚ್ಚಿಗೆ ತರುವ ಕೆಲಸ ನನ್ನ ಕೊರಳಿಗೆ ಬಿತ್ತು. ಅಕ್ಷರದ ಗಾತ್ರ, ಶೀರ್ಷಿಕೆ, ಚಿತ್ರದ ಅಳತೆ, ಕೊನೆಯಲ್ಲಿ ‘ಆಧಾರ’ ಎಂಬ ಚೌಕ. ಆ ಚೌಕದಲ್ಲಿ ಪುಸ್ತಕದ ಹೆಸರೋ ವೆಬ್‌ಸೈಟೋ ಮಾತ್ರ ಇರಬೇಕು ಎಂಬ ನಿಯಮವನ್ನು ಮಾಡಿದವಳೂ ನಾನೇ.

ಗೋಪನಕೊಪ್ಪದ ಮನೆಯಲ್ಲಿ, ಶಾಲೆ ಬಿಟ್ಟ ಮೇಲೆ, ಚಹಾ ಹಿಡಿದು ಕೂರುತ್ತಿದ್ದೆ. ಕಳ್ಳತನಗಳು ಒಂದೊಂದಾಗಿ ಸಿಕ್ಕವು. ಒಬ್ಬ ಮಹಾಶಯರು ಗೈಡಿನಿಂದ ಎತ್ತಿದ ಪಾಠದಲ್ಲಿ ‘ಉತ್ತರಕ್ಕೆ ಹಿಂದಿನ ಪುಟ ನೋಡಿ’ ಎಂಬುದನ್ನೂ ಹಾಗೆಯೇ ಬಿಟ್ಟಿದ್ದರು. ಅಂದಿನಿಂದ, ಪಾಠ ಚೆನ್ನಾಗಿದ್ದಷ್ಟೂ ನನ್ನ ಹುಬ್ಬು ಮೇಲೇರತೊಡಗಿತು.

ಸುಳ್ಳ ಎಂಬ ಹಳ್ಳಿಯ ಶಾಲೆಯ ಮಾಸ್ತರರು ಬರೆದ, ಗಾಡಿಯ ಗೇರುಗಳ ಪಾಠ ತೀರಾ ಚೆನ್ನಾಗಿತ್ತು. ಸಭೆಗಳಲ್ಲಿ ಬಾಯಿಯನ್ನೇ ಬಿಡದ ಮನುಷ್ಯ ಅವರು. ಚಿತ್ರದಲ್ಲಿ ಒಂದು ದೊಡ್ಡ ಗೇರು, ಒಂದು ಸಣ್ಣ ಗೇರು. ಸಣ್ಣದರ ಒಂದು ಹಲ್ಲು ಮುರಿದಿದೆ. ಕೆಳಗೆ ಪ್ರಶ್ನೆ: ‘ಈ ಗಾಡಿ ಓಡಿದರೆ ಎಂಥ ಸದ್ದು ಬರುತ್ತದೆ?’ ಇಂಥ ಪ್ರಶ್ನೆ ನಮ್ಮಂಥವರ ತಲೆಗೆ ಹೊಳೆಯುವುದುಂಟೇ? ಆಧಾರದ ಚೌಕ ನೋಡಿದೆ, ಖಾಲಿ. ನೆಟ್‌ನಲ್ಲಿ ತಡಕಾಡಿದೆ, ಆ ಚಿತ್ರ ಎಲ್ಲೂ ಸಿಗಲಿಲ್ಲ. ಸಿಗದ ಕಾರಣಕ್ಕೇ ಅನುಮಾನ ಇನ್ನಷ್ಟು ಬಲಿಯಿತು. ಫೋನ್ ಹಚ್ಚಿದೆ.

“ಸರ್, ಈ ಚಿತ್ರ ಎಲ್ಲಿಂದ ತಗೊಂಡ್ರಿ?”

“ನಾನ ತಗದದ್ದರಿ ಮೇಡಮ್. ಎಲ್ಲೀದು ಅಂತ ಚೌಕದಾಗ ಬರದೇನಲ್ರಿ.”

“ಖಾಲಿ ಐತ್ರಿ. ನೋಡಾಕತ್ತೇನಿ ನಾ.”

“ಪಾಠದಾಗ ಹಿಂದ ಏನೇನು ಬದಲಾಗೇತಿ ಅನ್ನೂದೂ ಆನ್‌ಲೈನ್‌ನ್ಯಾಗ ಕಾಣತೈತಲ್ರಿ, ಒಮ್ಮೆ ನೋಡ್ರಿ.”

ನನಗೇ ಕೆಲಸ ಕಲಿಸಲು ಬಂದರಲ್ಲ ಎಂದು ಸಿಟ್ಟು ನೆತ್ತಿಗೇರಿತು. “ಶನಿವಾರ ಪಾಠ ಎಲ್ಲಾರಿಗೂ ಬಿಡತೇವಿ, ಅಷ್ಟರೊಳಗ ಆಧಾರ ಕೊಡ್ರಿ. ಇಲ್ಲಾಂದ್ರ ಪಾಠ ತಗೀತೇನಿ.”

“ಹೂಂರಿ,” ಎಂದರು. ಆ ಮೆತ್ತನೆಯ ದನಿಯೂ ನನಗೆ ಕಳ್ಳನ ದನಿಯಾಗಿಯೇ ಕೇಳಿಸಿತು.

ಶುಕ್ರವಾರ ಗಬ್ಬೂರ ಬೈಪಾಸಿನ ಬಳಿ ನನ್ನ ಸ್ಕೂಟರ್ ಕೆಟ್ಟು ನಿಂತಿತು. ತಳ್ಳಿಕೊಂಡು ಹತ್ತಿರದ ಗ್ಯಾರೇಜಿಗೆ ಹೋದೆ. ವಯಸ್ಸಾದ ಮೆಕ್ಯಾನಿಕ್ ಒಬ್ಬರು ಕೈ ಒರೆಸಿಕೊಳ್ಳುತ್ತ ಬಂದರು. ಅವರ ಹಿಂದಿನ ಮಸಿ ಹಿಡಿದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಎರಡು ಗೇರುಗಳು. ಸಣ್ಣದರ ಹಲ್ಲು ಮುರಿದಿತ್ತು. ಸಿಕ್ಕಿಬಿದ್ದ ಎಂದು ಎಷ್ಟು ಖುಷಿಯಾಯಿತೆಂದರೆ, ಸ್ಕೂಟರ್ ಮರೆತು ಮೊದಲು ಫೋಟೊ ಹೊಡೆದೆ.

“ಚಾಚಾ, ಈ ಚಿತ್ರ ಯಾರು ತಗದಾರ್ರಿ?”

“ನಮ್ಮ ಮಗಾರಿ. ಕೆಲಸ ಕಲ್ಯಾಕ ಬಂದವ್ರಿಗೆ ಓದಾಕ ಬರ್ತಿದ್ದಿಲ್ಲ, ಸದ್ದ ಕೇಳಿ ಹಲ್ಲ ಮುರದದ್ದು ಗುರ್ತು ಹಿಡೀಲಿ ಅಂತ ಗ್ವಾಡಿ ಮ್ಯಾಲ ತಗದ. ಈಗ ಸುಳ್ಳದಾಗ ಮಾಸ್ತರ ಅದಾನ.” ಅವರ ಮುಖ ಅರಳಿತ್ತು. “‘ಅಪ್ಪಾ, ನಮ್ಮ ಗ್ವಾಡಿ ಹೆಸರೂ ಹಾಕೇನಿ, ಶನಿವಾರ ಎಲ್ಲಾರ ಫೋನ್‌ನ್ಯಾಗ ಕಾಣತೈತಿ’ ಅಂದಾನ. ಖರೇ ಏನ್ರಿ, ಅಲ್ಲಿ ಗ್ವಾಡಿ ಹೆಸರೂ ಹಾಕ್ತಾರ?”

ಸ್ಕೂಟರ್ ಸರಿಯಾದ ತಕ್ಷಣ ಹೊರಟೆ.

ಮನೆಗೆ ಬಂದವಳೇ ಆ ಪಾಠದ ಹಿಂದಿನ ಬದಲಾವಣೆಗಳನ್ನು ತೆರೆದೆ. ಮಾಸ್ತರರು ಬರೆದ ಸಾಲು ಅಲ್ಲೇ ಇತ್ತು: ‘ಆಧಾರ: ಗಬ್ಬೂರ, ನಮ್ಮ ಅಪ್ಪನ ಗ್ಯಾರೇಜಿನ ಗೋಡೆ.’ ಅದರ ಕೆಳಗೆ, ಅಳಿಸಿದವರು ಎಂಬಲ್ಲಿ, ನನ್ನ ಹೆಸರು. ತಿಂಗಳ ಹಿಂದೆ ಒಂದೇ ಸಲಕ್ಕೆ ರಾಶಿ ಪಾಠಗಳನ್ನು ಒಪ್ಪ ಮಾಡುವಾಗ, ಇದು ಪುಸ್ತಕವಲ್ಲ, ವೆಬ್‌ಸೈಟೂ ಅಲ್ಲ ಎಂದು ಕಸ ಗುಡಿಸಿದ ಹಾಗೆ ಗುಡಿಸಿಬಿಟ್ಟಿದ್ದೆ. ನೆನಪೂ ಉಳಿದಿರಲಿಲ್ಲ.

ಸಾಲನ್ನು ಇದ್ದ ಹಾಗೆಯೇ ಮತ್ತೆ ಹಾಕಿದೆ. ಆಮೇಲೆ ಫೋನ್ ಮಾಡಿದೆ.

“ಸರ್, ಅಳಿಸಿದ್ದು ನಾನ ರೀ.”

“ಗೊತ್ತಿತ್ರಿ ಮೇಡಮ್.”

“ಮತ್ತ ಅವತ್ತ ಹೇಳಬಾರದೇನ್ರಿ?”

“ಹೇಳಿದ್ರ ನಂಬ್ತಿದ್ದಿರೇನ್ರಿ?”