ಬೆಲಿಬೋನ್ ಎಂಬ ಮಾತು

ಆ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಸುಳ್ಳು ಹೇಳಿದೆ. ಗೊತ್ತಾದ ಮೇಲೆ ಬಾಯಿ ಬಿಡಲಿಲ್ಲ. ಎರಡರಲ್ಲಿ ಯಾವುದು ದೊಡ್ಡ ತಪ್ಪು — ಎರಡನೆಯದೇ ಇರಬೇಕು.

ಸಾಂಗಲಿ ಇನ್ನೂ ಸಂಸ್ಥಾನವಾಗಿದ್ದ ಕಾಲ. ಸಲಗರೆಯ ಜೈನರ ಮನೆಯ ಪದ್ಮವ್ವ ಮತ್ತು ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದೇ ಬೆಂಚು. ಸುತ್ತೆಲ್ಲ ಮರಾಠಿ; ಗುಟ್ಟಿನ ಮಾತಿಗೆ ನಮಗಿಬ್ಬರಿಗೆ ಕನ್ನಡ. ಇಂಗ್ಲಿಷ್ ಕಲಿಸುತ್ತಿದ್ದ ವಿಲಾಯತಿಯ ಮೇಡಮ್‌ಗೆ ಬಳಕೆ ತಪ್ಪಿದ ಹಳೆಯ ಪದಗಳ ಹುಚ್ಚು. ದಶಲಕ್ಷಣ ಪರ್ವದ ಉಪವಾಸ ಮುಗಿಸಿ ಬಂದ ಪದ್ಮವ್ವನ ಗಲ್ಲ ಮುಟ್ಟಿ, ಒಂದು ದಿನ ಅವರು “ಬೆಲಿಬೋನ್” ಎಂದು ನಕ್ಕರು.

ಹಾಗಂದರೇನೆಂದು ಆಕೆ ಹಾದಿಯಲ್ಲಿ ಕೇಳಿದಳು. ಇಂಗ್ಲಿಷಿನಲ್ಲಿ ಮುಂದಿದ್ದವಳು ನಾನು, ಮೇಡಮ್ ಗಲ್ಲ ಮುಟ್ಟಿದ್ದು ಆಕೆಯದು — ಅದು ಚುಚ್ಚಿತ್ತೋ ಏನೋ. ಮಾತನ್ನು ನಡುವೆ ಮುರಿದೆ: ಬೆಲಿ ಎಂದರೆ ಹೊಟ್ಟೆ, ಬೋನ್ ಎಂದರೆ ಎಲುಬು.

“ಹೊಟ್ಟಿ ಒಣಗಿ ಎಲುಬು ಕಾಣಾಕತ್ತಾವ ಅಂತ. ನಿನ್ನ ಉಪವಾಸಕ್ಕ ನಕ್ಕಾರ.”

ಪದ್ಮವ್ವ ಸರಸರನೆ ಮುಂದೆ ನಡೆದಳು. ಮರುದಿನದಿಂದ ಮೇಡಮ್ ಕರೆದರೆ ಮುಖ ತಿರುಗಿಸುವಳು. ದೀಪಾವಳಿಗೆ ಊರಿಗೆ ಹೋದವಳು ಶಾಲೆಗೆ ಮರಳಲೇ ಇಲ್ಲ.

ಆಕೆಗೆ ಏನಾಯಿತೆಂದು ಮೇಡಮ್ ನನ್ನನ್ನು ಕೇಳಿದರು. ಗೊತ್ತಿಲ್ಲವೆಂದೆ. ಆದರೆ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಅದರ ಅರ್ಥ ಕೇಳಿಯೇಬಿಟ್ಟೆ. ಅವರ ಮುಖ ಅರಳಿತು. ಫ್ರೆಂಚರ ‘ಬೆಲ್ ಎ ಬೊನ್’ — ಚೆಲುವೆ, ಒಳ್ಳೆಯವಳೂ ಹೌದು — ಇಂಗ್ಲಿಷರ ನಾಲಿಗೆಯಲ್ಲಿ ಉರುಳಿ ಉರುಳಿ ಒಂದೇ ಪದವಾಯಿತಂತೆ. ಬಲ್ಲವರ ಊಹೆ ಹಾಗೆ. ಈಗ ಯಾರೂ ಆಡುವುದಿಲ್ಲವಂತೆ. ಹೊಟ್ಟೆಯೂ ಇಲ್ಲ, ಎಲುಬೂ ಇಲ್ಲ. ನಾಚಿಕೆಗಿಂತ ಮೊದಲು ನನಗೆ ಬೆರಗಾಯಿತು — ಅದನ್ನೂ ಒಪ್ಪಿಕೊಳ್ಳುತ್ತೇನೆ. ನಾವು ದಿನವೂ ಆಡುವ ಮಾತಿನಲ್ಲಿ ಮರಾಠಿ ಎಷ್ಟು, ಫಾರಸಿ ಎಷ್ಟು, ಯಾವುದು ಎಲ್ಲಿ ಬೆಸೆದಿದೆಯೋ ಎಂದು ಯೋಚಿಸುತ್ತ ಮನೆಗೆ ಬಂದೆ. ಸಲಗರೆಗೆ ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ.

ಮೇಡಮ್ ತಮ್ಮ ದೇಶಕ್ಕೆ ಹೋಗಿ ಎಷ್ಟೋ ವರ್ಷಗಳಾದ ಮೇಲೆ ಮಿರಜ ಸ್ಟೇಷನ್ನಿನಲ್ಲಿ ಪದ್ಮವ್ವ ಸಿಕ್ಕಳು, ಕಂಕುಳಲ್ಲಿ ಮಗಳು. ಎಲ್ಲವನ್ನೂ ಹೇಳಿದೆ. ಆಕೆ ಆ ಮಾತನ್ನು ಬಾಯೊಳಗೇ ಆಡಿಸಿ ನೋಡಿದಳು — ಬೆಲ್, ಬೊನ್. ಸಿಟ್ಟಾಗಲಿಲ್ಲ.

“ನಂದಿರ್ಲಿ, ಹೆಂಗೂ ಲಗ್ನ ಆಗೂದಿತ್ತು. ಅವ್ರು ಕರದಾಗೆಲ್ಲ ನಾ ಮಾರಿ ತಿರುವಿದೆ. ಯಾಕಂತ ಅವ್ರಿಗೆ ಹೇಳಿದೇನ?”

ಹೇಳಿರಲಿಲ್ಲ. ಊರು ಬಿಡುವ ದಿನವೂ ಮೇಡಮ್ ಆಕೆಯ ಸುದ್ದಿ ಕೇಳಿದ್ದರು; ತಮ್ಮಿಂದ ಏನು ತಪ್ಪಾಯಿತೋ ಎಂದಿದ್ದರು. ನಾನು ಎದುರಿಗೇ ನಿಂತಿದ್ದೆ.