ಮದುವೆ ಅಕ್ಷರದ ಕರಪತ್ರ

ಅನ್ಯಾಯವು ಅಕ್ಷರದ ಆಕಾರದಲ್ಲೂ ಅಡಗಿರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಸಿರುಗುಪ್ಪದ ಗೋಡೆಗಳನ್ನು ನಾನು ಓದುವುದು ಹಾಗೆಯೇ. ತಲೆಕಟ್ಟು ಕೊಡಲಿಯಿಂದ ಕಡಿದಂತೆ ದಪ್ಪಗಿದ್ದರೆ ಅದು ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್, ಅಂದರೆ ದರ್ಪ. ಗೆರೆ ತೆಳ್ಳಗಾಗಿ ಬಲಕ್ಕೆ ವಾಲಿದ್ದರೆ ಶ್ರದ್ಧಾಂಜಲಿ, ಅಂದರೆ ಸಾವಿನಲ್ಲೂ ಆಡಂಬರ.

ಕುರುಗೋಡು ಸಮೀಪದ ಹಳ್ಳಿಯೊಂದಕ್ಕೆ ಬರುತ್ತಿದ್ದ ಬೆಳಗಿನ ಬಸ್ಸು ನಿಂತುಹೋಗಿ, ಅಲ್ಲಿನ ಹುಡುಗಿಯರು ಕಾಲೇಜು ಬಿಡುವ ಹಂತಕ್ಕೆ ಬಂದಿದ್ದರು. ಬಸ್ ಡಿಪೋ ಮುಂದೆ ನಾವು ನಡೆಸಲಿದ್ದ ಧರಣಿಗೆ ಜನ ಸೇರಿಸಲು ಕರಪತ್ರ ಬೇಕಿತ್ತು. ಬಳ್ಳಾರಿಯ ಕೌಲ್ ಬಜಾರಿನ ಅಚ್ಚಿನ ಅಂಗಡಿಯಲ್ಲಿ ಕುಳಿತು, ತಲೆಕಟ್ಟಿನ ತುದಿ ಮೇಲಕ್ಕೆ ಸುತ್ತಿಕೊಂಡ, ಹೊಟ್ಟೆ ದುಂಡಗಿರುವ ಅಕ್ಷರವನ್ನು ಆರಿಸಿದೆ. ಯಾರನ್ನೂ ಗದರಿಸದ ಆಕಾರ ಅದು.

“ಮೇಡಂ, ಇದು ಮದುವಿ ಅಕ್ಷರ ರೀ,” ಎಂದರು ಅಂಗಡಿಯವರು.

ಯಾವ ಅಕ್ಷರವೂ ಒಂದು ಸಮಾರಂಭದ ಸ್ವತ್ತಲ್ಲ ಎಂದು ನಾನು ಕಾಲು ಗಂಟೆ ವಿವರಿಸಿದೆ.

“ಆತ್ರಿ, ಹಾಕ್ತೀನಿ. ಮ್ಯಾಲ ಗಣಪತಿ ಬ್ಯಾಡ ಅಲ್ರಿ?”

ಧರಣಿಯ ದಿನ ಎರಡು ಟ್ರ್ಯಾಕ್ಟರ್ ತುಂಬ ಹೆಂಗಸರು ಬಂದಿಳಿದರು, ಎಲ್ಲರೂ ರೇಷ್ಮೆ ಸೀರೆಯಲ್ಲಿ. ಮುಂದಿದ್ದ ಅಜ್ಜಿಯ ಕೈಯಲ್ಲಿ ಉಡುಗೊರೆಗೆಂದು ತಂದ ಕುಬಸದ ಕಣವಿತ್ತು.

“ಮದುಮಗಳು ಎಲ್ಲಿ ಅದಾಳವ್ವ?”

“ಅಜ್ಜಿ, ಧರಣಿ ಎಂದೇ ಅಚ್ಚಾಗಿದೆಯಲ್ಲ?”

“ನನಗ ಓದಾಕ ಬರೂದಿಲ್ಲ. ಬಾಲ ಮ್ಯಾಲ ಸುತ್ತಿದ್ರ ಮದುವಿ, ಅಡ್ಡ ವಾಲಿದ್ರ ತಿಥಿ. ಅಷ್ಟೂ ಗೊತ್ತಾಗಂಗಿಲ್ಲೇನು?”

“ಮನೆಯಲ್ಲಿ ಓದಿದವರು ಇರಲಿಲ್ಲವೇ?”

“ಸೊಸಿ ತಾರೀಖು, ಜಾಗ ನೋಡಿದ್ಲು. ಉಳಿದದ್ದು ಯಾರ ಓದ್ತಾರ?”

ಭೂತಗನ್ನಡಿ ಹಿಡಿದು ವರ್ಷಗಟ್ಟಲೆ ನಾನು ಕಲಿತದ್ದನ್ನು ಆಕೆ ಬರಿಗಣ್ಣಿನಲ್ಲಿ ಬಲ್ಲಳು. ತಪ್ಪು ಯಾರದಾದರೂ ಹೆಸರಿಸಲೇಬೇಕು. ಮೈಕು ಹಿಡಿದು, ನಾನು ಅರಿಯದೆ ನಿಮ್ಮನ್ನು ವಂಚಿಸಿದ್ದೇನೆ, ಇಲ್ಲಿ ಮದುವೆಯಿಲ್ಲ, ನಿಂತುಹೋದ ಬಸ್ಸಿನ ಮಾತು ಮಾತ್ರ ಇದೆ, ಹೊರಡುವವರು ಹೊರಡಬಹುದು ಎಂದೆ.

“ರೇಷ್ಮಿ ಸೀರಿ ಉಟ್ಟ ಮ್ಯಾಲ ಹಂಗ ಹೊಳ್ಳಿ ಹೋಗಾಕ ಆಗ್ತೈತೇನು?” ಎಂದು ಅಜ್ಜಿ ನೆಲದ ಮೇಲೆ ಕುಳಿತಳು. ಉಳಿದವರೂ ಕುಳಿತರು.

ಗದ್ದಲ ಕೇಳಿ ಡಿಪೋದ ಅಧಿಕಾರಿ ಹೊರಬಂದರು. ನಮ್ಮ ಫಲಕಗಳತ್ತ ನೋಡದೆ ಸೀರೆಗಳನ್ನು ನೋಡಿ, “ಮದುವಿ ಪಾರ್ಟಿ ಏನ್ರಿ? ಬಸ್ ಬೇಕಾಗಿತ್ತೇನ್ರಿ?” ಎಂದರು.

“ಹೌದಪ್ಪ,” ಎಂದಳು ಅಜ್ಜಿ. “ದಿನಾ ಮುಂಜಾನಿ ಏಳಕ್ಕ.”

ಅವರು ನಕ್ಕರು. ನಕ್ಕ ಮೇಲೆ ಅರ್ಜಿಯನ್ನು ತೆಗೆದುಕೊಳ್ಳದಿರುವುದು ಅವರಿಗೆ ಕಷ್ಟವಾಯಿತು.

ಸೋಮವಾರ ಬಸ್ಸು ಬಂತು, ಹುಡುಗಿಯರು ಹತ್ತಿದರು. ಅದು ಬಂದದ್ದು ಏಳೂಕಾಲಿಗೆ. ಆ ಕಾಲು ಗಂಟೆಯ ಬಗ್ಗೆ ನಾನು ಪತ್ರ ಬರೆದಿದ್ದೇನೆ.